ಮನೆಯ ನೆಟ್‌ವರ್ಕ್‌ನಲ್ಲಿ ಹಂಚಿದ ಫೋಲ್ಡರ್ ತೆರೆಯದಿದ್ದಾಗ: ದೋಷ ಪತ್ತೆಹಚ್ಚುವ ಕ್ರಮ

ಒಂದು ಕಂಪ್ಯೂಟರಿನಲ್ಲಿ ಹಂಚಿಟ್ಟ ಫೋಲ್ಡರ್ ಅದೇ ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ ಎಂಬ ದೂರು ಕೇಳುವುದಕ್ಕೆ ಒಂದೇ ಆದರೂ ಅದರ ಹಿಂದೆ ಮೂರು ಬಗೆಯ ದೋಷಗಳು ಇರಬಹುದು. ಕಂಪ್ಯೂಟರ್ ಪಟ್ಟಿಯಲ್ಲಿ ಕಾಣದಿರುವುದು ಒಂದು, ಅದನ್ನು ತಲುಪಲಾಗದಿರುವುದು ಇನ್ನೊಂದು, ತಲುಪಿದ ಮೇಲೂ ಅದು ಒಳಗೆ ಬಿಡದಿರುವುದು ಮತ್ತೊಂದು. ಈ ಮೂರು ಕೆಲಸಗಳನ್ನು ವಿಂಡೋಸ್‌ನ ಬೇರೆ ಬೇರೆ ಭಾಗಗಳು ನೋಡಿಕೊಳ್ಳುವುದರಿಂದ ಒಂದಕ್ಕೆ ಹೇಳಿದ ಪರಿಹಾರ ಇನ್ನೊಂದಕ್ಕೆ ತಾಗುವುದಿಲ್ಲ. ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ರಕ್ಷಣೆ) ನಿಲ್ಲಿಸಿ, ಪಾಸ್‌ವರ್ಡ್ ರಕ್ಷಣೆ ತೆಗೆದು, ಎಲ್ಲರಿಗೂ ಪೂರ್ಣ ಅನುಮತಿ ಕೊಟ್ಟು ನೋಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದರಿಂದ ಫೋಲ್ಡರ್ ತೆರೆದರೂ ಯಾವುದು ಕೆಟ್ಟಿತ್ತು ಎಂಬುದು ಗೊತ್ತಾಗುವುದಿಲ್ಲ ಮತ್ತು ತೆಗೆದ ರಕ್ಷಣೆಗಳನ್ನು ಯಾರೂ ಹಿಂದಿರುಗಿ ಹಾಕುವುದಿಲ್ಲ. ಆದ್ದರಿಂದ ಇಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತ, ಪ್ರತಿ ಬದಲಾವಣೆಯ ನಂತರ ಪರೀಕ್ಷಿಸುತ್ತ, ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತ ಮುಂದುವರಿಯುವ ಕ್ರಮವನ್ನು ವಿವರಿಸಿದ್ದೇನೆ.

ಬರಹದ ಅನುಕೂಲಕ್ಕಾಗಿ ಫೋಲ್ಡರ್ ಇರುವ ಕಂಪ್ಯೂಟರನ್ನು ‘ಕೊಡುವ ಕಂಪ್ಯೂಟರ್’ ಎಂದೂ ಅದನ್ನು ತೆರೆಯಲು ಯತ್ನಿಸುವುದನ್ನು ‘ಕೇಳುವ ಕಂಪ್ಯೂಟರ್’ ಎಂದೂ ಕರೆದಿದ್ದೇನೆ. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ವಿವರಣೆ ಮುಖ್ಯವಾಗಿ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು, ಮ್ಯಾಕ್ ಮತ್ತು ಲಿನಕ್ಸ್ ಕುರಿತ ಮಾತು ಕೊನೆಯತ್ತ ಪ್ರತ್ಯೇಕ ಭಾಗದಲ್ಲಿದೆ.

ಮೊದಲ ಪರೀಕ್ಷೆ: ಪಟ್ಟಿಯನ್ನು ಬಿಟ್ಟು ವಿಳಾಸದಿಂದ ತೆರೆಯುವುದು

ಫೈಲ್ ಎಕ್ಸ್‌ಪ್ಲೋರರ್‌ನ ‘ನೆಟ್‌ವರ್ಕ್’ ವಿಭಾಗದಲ್ಲಿ ಕಂಪ್ಯೂಟರಿನ ಚಿಹ್ನೆ ಕಾಣದಿದ್ದರೆ ಬಹಳ ಮಂದಿ ಹಂಚಿಕೆಯೇ ಕೆಟ್ಟಿದೆ ಎಂದು ತಿಳಿಯುತ್ತಾರೆ. ಆ ಪಟ್ಟಿಯನ್ನು ಸಿದ್ಧಪಡಿಸುವುದು ನೆಟ್‌ವರ್ಕ್ ಡಿಸ್ಕವರಿ ಎಂಬ ಪ್ರತ್ಯೇಕ ವ್ಯವಸ್ಥೆ. ಫೈಲ್‌ಗಳನ್ನು ಸಾಗಿಸುವ ಎಸ್‌ಎಂಬಿ ನಿಯಮಾವಳಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದ್ದರಿಂದ ಮೊದಲು ಕೊಡುವ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಎಂದು ಕೊಟ್ಟು ಅದರ ಐಪಿವಿ4 ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ಬರೆದುಕೊಳ್ಳಿ. ಅದು 192.168.1.20 ಆಗಿದ್ದರೆ, ಕೇಳುವ ಕಂಪ್ಯೂಟರಿನ ಎಕ್ಸ್‌ಪ್ಲೋರರ್‌ನ ಮೇಲ್ಭಾಗದಲ್ಲಿ ವಿಳಾಸ ಬರೆಯುವ ಜಾಗದಲ್ಲಿ \\192.168.1.20 ಎಂದು ಬರೆದು ಎಂಟರ್ ಒತ್ತಿ.

ಫೋಲ್ಡರ್‌ಗಳು ತೆರೆದುಕೊಂಡರೆ ಸಂಪರ್ಕ, ಗುರುತು, ಅನುಮತಿ ಮೂರೂ ಸರಿಯಾಗಿವೆ, ಕೆಟ್ಟಿರುವುದು ಹೆಸರು ಅಥವಾ ಪಟ್ಟಿ ಮಾತ್ರ. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬಂದರೂ ಅದು ಒಳ್ಳೆಯ ಸೂಚನೆಯೇ, ಏಕೆಂದರೆ ಕೊಡುವ ಕಂಪ್ಯೂಟರ್ ಉತ್ತರಿಸುತ್ತಿದೆ ಎಂದು ಅದರಿಂದ ಖಚಿತವಾಗುತ್ತದೆ. ಬಹಳ ಹೊತ್ತು ಕಾಯಿಸಿ 0x80070035 ಎಂಬ ಸಂಖ್ಯೆಯೊಂದಿಗೆ ಮಾರ್ಗ ಸಿಗಲಿಲ್ಲ ಎಂಬ ಸಂದೇಶ ಬಂದರೆ ದೋಷವನ್ನು ಸಂಪರ್ಕದಲ್ಲಿಯೇ ಹುಡುಕಬೇಕು.

ಇದರ ಜೊತೆಗೆ ಇನ್ನೊಂದು ಚಿಕ್ಕ ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ. ಕೊಡುವ ಕಂಪ್ಯೂಟರಿನಲ್ಲಿಯೇ ಕುಳಿತು \\127.0.0.1 ಎಂದು ಬರೆದರೆ ಅದು ತನ್ನ ಹಂಚಿಕೆಗಳನ್ನು ತನಗೇ ತೋರಿಸಬೇಕು. ಅಲ್ಲಿಯೇ ಫೋಲ್ಡರ್ ಕಾಣದಿದ್ದರೆ ರೌಟರ್, ಕೇಬಲ್, ವೈಫೈ ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ. ಹಂಚಿಕೆಯೇ ಆಗಿಲ್ಲ, ಇಲ್ಲವೇ ‘ಸರ್ವರ್’ ಎಂಬ ಹೆಸರಿನ ವಿಂಡೋಸ್ ಸೇವೆ ನಿಂತಿದೆ. ‘ನೆಟ್ ಶೇರ್’ ಎಂಬ ಕಮಾಂಡ್ ಯಾವ ಫೋಲ್ಡರ್ ಯಾವ ಹೆಸರಿನಲ್ಲಿ ಹಂಚಿಕೆಯಾಗಿದೆ ಎಂಬ ಪಟ್ಟಿಯನ್ನು ಕೊಡುತ್ತದೆ. ಇಲ್ಲಿ ಗಮನಿಸಬೇಕಾದ ಒಂದು ಅಂಶವೆಂದರೆ, ವಿಳಾಸದಲ್ಲಿ ಬರೆಯಬೇಕಾದದ್ದು ಹಂಚಿಕೆಯ ಹೆಸರು. ಫೋಲ್ಡರ್ ಡಿಸ್ಕಿನಲ್ಲಿ ಎಷ್ಟು ಆಳದಲ್ಲಿದೆ ಎಂಬ ಪೂರ್ತಿ ಮಾರ್ಗವನ್ನು ಬರೆದರೆ ಅದು ತೆರೆಯುವುದಿಲ್ಲ.

ಎರಡೂ ಒಂದೇ ನೆಟ್‌ವರ್ಕ್‌ನಲ್ಲಿವೆಯೇ?

ಕೇಳುವ ಕಂಪ್ಯೂಟರಿನಲ್ಲಿಯೂ ‘ಐಪಿಕಾನ್ಫಿಗ್’ ಕೊಟ್ಟು ಎರಡು ವಿಳಾಸಗಳನ್ನು ಹೋಲಿಸಿ. ಸಬ್‌ನೆಟ್ ಮಾಸ್ಕ್ (ವಿಳಾಸದ ಯಾವ ಭಾಗ ನೆಟ್‌ವರ್ಕ್‌ನದು ಎಂದು ಹೇಳುವ ಸಂಖ್ಯೆ) 255.255.255.0 ಆಗಿದ್ದರೆ ಮೊದಲ ಮೂರು ಸಂಖ್ಯೆಗಳು ಎರಡರಲ್ಲಿಯೂ ಒಂದೇ ಇರಬೇಕು. 169.254 ಎಂದು ಆರಂಭವಾಗುವ ವಿಳಾಸ ಕಂಡರೆ ಆ ಕಂಪ್ಯೂಟರಿಗೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ಅಂಥ ಸ್ಥಿತಿಯಲ್ಲಿ ಕೇಬಲ್ ಅಥವಾ ವೈಫೈ ಸಂಪರ್ಕವನ್ನು ಸರಿಪಡಿಸದೆ ಮುಂದೆ ಹೋಗಬಾರದು. ಒಂದು ಕಂಪ್ಯೂಟರಿನಲ್ಲಿ ವಿಪಿಎನ್ ಚಾಲನೆಯಲ್ಲಿದ್ದರೆ ಪರೀಕ್ಷೆ ಮುಗಿಯುವವರೆಗೆ ಅದನ್ನು ಕಡಿತಗೊಳಿಸಿ, ಏಕೆಂದರೆ ಕೆಲವು ವಿಪಿಎನ್‌ಗಳು ಮನೆಯೊಳಗಿನ ಸಂಚಾರವನ್ನೂ ತಡೆಯುತ್ತವೆ.

ಇಂಟರ್‌ನೆಟ್ ಎರಡೂ ಕಡೆ ಚೆನ್ನಾಗಿ ಬರುತ್ತಿದೆ ಎಂಬುದು ಅವು ಪರಸ್ಪರ ಮಾತನಾಡಬಲ್ಲವು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಅತಿಥಿಗಳಿಗೆಂದು ರೌಟರ್ ಒದಗಿಸುವ ಗೆಸ್ಟ್ ವೈಫೈಯ ಉದ್ದೇಶವೇ ಬಂದವರನ್ನು ಮನೆಯೊಳಗಿನ ಸಾಧನಗಳಿಂದ ದೂರವಿಡುವುದು. ವೈಫೈ ಸಾಧನಗಳು ಪರಸ್ಪರ ಮಾತನಾಡದಂತೆ ತಡೆಯುವ ಎಪಿ ಐಸೊಲೇಷನ್ ಅಥವಾ ಕ್ಲೈಂಟ್ ಐಸೊಲೇಷನ್ ಎಂಬ ಆಯ್ಕೆ ಚಾಲೂ ಇದ್ದರೆ ಮುಖ್ಯ ವೈಫೈಯಲ್ಲಿಯೂ ಇದೇ ಆಗುತ್ತದೆ.

ಎರಡು ರೌಟರ್‌ಗಳಿರುವ ಮನೆಗಳ ದೋಷವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರ ಲಕ್ಷಣ ಬಹಳ ದಾರಿತಪ್ಪಿಸುವಂಥದ್ದು. ಸಂಕೇತ ದುರ್ಬಲವಾಗಿದ್ದ ಕೋಣೆಗೆಂದು ನಾನೊಮ್ಮೆ ಹಳೆಯ ರೌಟರನ್ನು ಎರಡನೆಯದಾಗಿ ಜೋಡಿಸಿದ್ದೆ. ಆ ಕೋಣೆಯ ಲ್ಯಾಪ್‌ಟಾಪ್‌ನಿಂದ ಮುಖ್ಯ ಕಂಪ್ಯೂಟರಿನ ಫೋಲ್ಡರ್ ತೆರೆಯುತ್ತಿತ್ತು, ಆದರೆ ಮುಖ್ಯ ಕಂಪ್ಯೂಟರಿನಿಂದ ಲ್ಯಾಪ್‌ಟಾಪ್‌ನ ಫೋಲ್ಡರ್ ಏನು ಮಾಡಿದರೂ ತೆರೆಯುತ್ತಿರಲಿಲ್ಲ. ಒಂದು ದಿಕ್ಕಿನಲ್ಲಿ ಕೆಲಸವಾಗುತ್ತಿದ್ದುದರಿಂದ ನೆಟ್‌ವರ್ಕ್ ಸರಿಯಿದೆ ಎಂದು ತೀರ್ಮಾನಿಸಿ ಲ್ಯಾಪ್‌ಟಾಪ್‌ನ ಅನುಮತಿಗಳನ್ನೇ ಎರಡು ಸಂಜೆ ಬದಲಿಸುತ್ತ ಕುಳಿತೆ. ನಿಜವಾದ ಕಾರಣ ವಿಳಾಸಗಳಲ್ಲಿ ಕಣ್ಣೆದುರೇ ಇತ್ತು: ಒಂದು 192.168.1.20, ಇನ್ನೊಂದು 192.168.0.101. ಎರಡನೆಯ ರೌಟರ್ ತನ್ನ ಹಿಂದಿನ ಸಾಧನಗಳ ವಿಳಾಸವನ್ನು ಮರೆಮಾಡಿ ತನ್ನ ವಿಳಾಸದಿಂದ ಹೊರಗೆ ಕಳುಹಿಸುತ್ತದೆ, ಅದರಿಂದ ಒಳಗಿನಿಂದ ಹೊರಕ್ಕೆ ಹೋಗುವ ವಿನಂತಿ ಸಾಗುತ್ತದೆ. ಹೊರಗಿನಿಂದ ಒಳಕ್ಕೆ ಬರುವ ವಿನಂತಿಗೆ ದಾರಿಯೇ ಇರುವುದಿಲ್ಲ. ಎರಡನೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಅಥವಾ ಬ್ರಿಡ್ಜ್ ಮೋಡ್‌ಗೆ (ತಾನು ವಿಳಾಸ ಕೊಡದೆ ಸಂಚಾರವನ್ನು ಮುಖ್ಯ ರೌಟರಿಗೆ ದಾಟಿಸುವ ವಿಧಾನ) ಬದಲಿಸಿದ ಕೂಡಲೆ ಎರಡೂ ಒಂದೇ ಶ್ರೇಣಿಯ ವಿಳಾಸ ಪಡೆದವು, ಫೋಲ್ಡರ್ ಎರಡೂ ದಿಕ್ಕಿನಲ್ಲಿ ತೆರೆಯಿತು. ಒಂದು ಕಡೆಯಿಂದ ಮಾತ್ರ ತೆರೆಯುವ ಹಂಚಿಕೆಯನ್ನು ಕಂಡರೆ ಅನುಮತಿಗೆ ಕೈಹಾಕುವ ಮೊದಲು ಈ ಸಾಧ್ಯತೆಯನ್ನು ಪರಿಶೀಲಿಸಿ.

ಫೈರ್‌ವಾಲ್ ಮತ್ತು ನೆಟ್‌ವರ್ಕ್‌ನ ವರ್ಗ

ವಿಳಾಸಗಳು ಹೊಂದಿಕೆಯಾದರೂ ತಲುಪಲಾಗದಿದ್ದರೆ 445ನೇ ಪೋರ್ಟ್ (ಒಂದೊಂದು ಸೇವೆಗೆ ಮೀಸಲಾದ, ಸಂಖ್ಯೆಯಿಂದ ಗುರುತಿಸುವ ಬಾಗಿಲು) ತೆರೆದಿದೆಯೇ ಎಂದು ನೋಡಬೇಕು. ಎಸ್‌ಎಂಬಿ ಇಂದು ಟಿಸಿಪಿಯ ಈ ಪೋರ್ಟಿನಲ್ಲಿಯೇ ನಡೆಯುತ್ತದೆ. ಕೇಳುವ ಕಂಪ್ಯೂಟರಿನಲ್ಲಿ ಪವರ್‌ಶೆಲ್ ತೆರೆದು ‘ಟೆಸ್ಟ್-ನೆಟ್‌ಕನೆಕ್ಷನ್ 192.168.1.20 -ಪೋರ್ಟ್ 445’ ಎಂದು ಕೊಟ್ಟರೆ ಕೊನೆಯ ಸಾಲಿನಲ್ಲಿ ‘ಟ್ರೂ’ ಅಥವಾ ‘ಫಾಲ್ಸ್’ ಎಂಬ ಉತ್ತರ ಬರುತ್ತದೆ. ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ನೋಡುವ ‘ಪಿಂಗ್’ ಕಮಾಂಡನ್ನಷ್ಟೇ ಕೊಟ್ಟು ನಿರ್ಣಯಕ್ಕೆ ಬರಬಾರದು. ಪಿಂಗ್‌ಗೆ ಉತ್ತರ ಕೊಡುವ ನಿಯಮ ಬೇರೆ, 445ನ್ನು ತೆರೆಯುವ ನಿಯಮ ಬೇರೆ. ಒಂದಕ್ಕೆ ಉತ್ತರ ಬಂದು ಇನ್ನೊಂದಕ್ಕೆ ಬಾರದಿರುವುದು ಸಾಮಾನ್ಯ.

ಉತ್ತರ ‘ಫಾಲ್ಸ್’ ಆಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೊಡುವ ಕಂಪ್ಯೂಟರಿನ ನೆಟ್‌ವರ್ಕ್ ವರ್ಗವನ್ನು. ಹೊಸ ವೈಫೈಗೆ ಸೇರಿದಾಗ, ರೌಟರ್ ಬದಲಿಸಿದಾಗ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ಬಗೆದು ‘ಪಬ್ಲಿಕ್’ ವರ್ಗಕ್ಕೆ ಸೇರಿಸಿಬಿಡಬಹುದು. ಆ ವರ್ಗದಲ್ಲಿ ಹಂಚಿಕೆ ಸಾಮಾನ್ಯವಾಗಿ ಮುಚ್ಚಿರುತ್ತದೆ. ನಿನ್ನೆಯವರೆಗೆ ತೆರೆಯುತ್ತಿದ್ದ ಫೋಲ್ಡರ್ ಇಂದು ಏಕಾಏಕಿ ನಿಂತುಹೋಗಿದ್ದರೆ ಈ ಕಾರಣದ ಸಾಧ್ಯತೆ ಬಹಳ ಹೆಚ್ಚು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಆ ಸಂಪರ್ಕದ ಗುಣಲಕ್ಷಣಗಳನ್ನು ತೆರೆದು ‘ಪ್ರೈವೇಟ್’ ಎಂದು ಬದಲಿಸಿ, ಅನಂತರ ಸುಧಾರಿತ ಹಂಚಿಕೆ ಆಯ್ಕೆಗಳಲ್ಲಿ ಪ್ರೈವೇಟ್ ವರ್ಗದ ಅಡಿಯಲ್ಲಿ ನೆಟ್‌ವರ್ಕ್ ಡಿಸ್ಕವರಿಯನ್ನೂ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಅನ್ನೂ ಚಾಲೂ ಮಾಡಿ. ಪಬ್ಲಿಕ್ ವರ್ಗದಲ್ಲಿಯೇ ಹಂಚಿಕೆಯನ್ನು ಚಾಲೂ ಮಾಡಿ ಕೆಲಸ ಮುಗಿಸುವವರಿದ್ದಾರೆ. ಅದೇ ಲ್ಯಾಪ್‌ಟಾಪ್ ನಾಳೆ ಹೊರಗಿನ ಯಾವುದೋ ವೈಫೈಗೆ ಸೇರಿದಾಗ ಅಲ್ಲಿಯೂ ಬಾಗಿಲು ತೆರೆದೇ ಇರುತ್ತದೆ ಎಂಬ ಕಾರಣಕ್ಕೆ ಅದು ಸಲ್ಲದು.

ವಿಂಡೋಸ್ ಫೈರ್‌ವಾಲಿನ ಈ ನಿಯಮಗಳು ಪ್ರೈವೇಟ್ ವರ್ಗದಲ್ಲಿಯೂ ಪೂರ್ವನಿಯೋಜಿತವಾಗಿ ಅದೇ ಸಬ್‌ನೆಟ್‌ನಿಂದ, ಅಂದರೆ ಒಂದೇ ಶ್ರೇಣಿಯ ವಿಳಾಸಗಳಿಂದ, ಬರುವ ವಿನಂತಿಗಳಿಗೆ ಮಾತ್ರ ಅನ್ವಯಿಸುತ್ತವೆ. ಬೇರೆ ಸಬ್‌ನೆಟ್‌ನಿಂದ ದಾರಿ ಮಾಡಿಕೊಟ್ಟರೂ 445 ಮುಚ್ಚಿರುವಂತೆ ಕಾಣುವುದಕ್ಕೆ ಇದೇ ಕಾರಣ. ಬೇರೊಂದು ಸಂಸ್ಥೆಯ ಆಂಟಿವೈರಸ್ ತನ್ನದೇ ಫೈರ್‌ವಾಲನ್ನು ತಂದಿದ್ದರೆ ವಿಂಡೋಸ್‌ನ ಆಯ್ಕೆಗಳನ್ನು ಎಷ್ಟು ಬದಲಿಸಿದರೂ ಫಲವಿರುವುದಿಲ್ಲ. ಆ ತಂತ್ರಾಂಶದಲ್ಲಿಯೇ ಈ ನೆಟ್‌ವರ್ಕನ್ನು ವಿಶ್ವಾಸಾರ್ಹವೆಂದು ಗುರುತಿಸಬೇಕು. ಫೈರ್‌ವಾಲನ್ನು ನಿಲ್ಲಿಸುವುದೇ ಆದರೆ ಅದು ಒಂದು ನಿಮಿಷದ ಪರೀಕ್ಷೆಗಾಗಿ ಮಾತ್ರ ಇರಲಿ. ‘ಟ್ರೂ’ ಬಂದ ಕೂಡಲೆ ಮತ್ತೆ ಚಾಲೂ ಮಾಡಿ, ಸರಿಯಾದ ನಿಯಮವನ್ನು ತಿದ್ದಿ.

ತಲುಪಿದರೂ ಒಳಗೆ ಬಿಡದಿದ್ದರೆ: ಗುರುತಿನ ತೊಡಕುಗಳು

445 ತೆರೆದಿದ್ದೂ ಫೋಲ್ಡರ್ ತೆರೆಯದಿರುವ ಪ್ರಕರಣಗಳೇ ಹೆಚ್ಚು ತಾಳ್ಮೆ ಬೇಡುತ್ತವೆ. ಕೊಡುವ ಕಂಪ್ಯೂಟರ್ ಕೇಳುವುದು ತನ್ನಲ್ಲಿರುವ ಖಾತೆಯ ಹೆಸರು ಮತ್ತು ಪಾಸ್‌ವರ್ಡನ್ನು. ಕೇಳುವ ಕಂಪ್ಯೂಟರಿನ ಖಾತೆಯ ಪಾಸ್‌ವರ್ಡ್ ಬರೆದರೆ ಅದು ಒಪ್ಪುವುದಿಲ್ಲ. ಲಾಗಿನ್ ಆಗಲು ಬಳಸುವ ಪಿನ್ ಕೂಡ ಇಲ್ಲಿ ನಡೆಯದು, ಏಕೆಂದರೆ ಪಿನ್ ಆ ಒಂದು ಯಂತ್ರದ ಎದುರು ಕುಳಿತವರಿಗಾಗಿ ಮಾತ್ರ ಇದೆ. ದಿನವೂ ನಾಲ್ಕು ಅಂಕೆ ಒತ್ತಿ ಒಳಹೋಗುವ ಅಭ್ಯಾಸದಿಂದಾಗಿ ಅದೇ ಪಾಸ್‌ವರ್ಡ್ ಎಂದು ನಂಬಿದವರು ಬಹಳ ಮಂದಿ, ಮತ್ತು 1326 ಸಂಖ್ಯೆಯ ದೋಷಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ಕೊಡುವ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಖಾತೆ ಇದ್ದರೆ ಬಳಕೆದಾರರ ಹೆಸರಿನ ಜಾಗದಲ್ಲಿ ಪೂರ್ಣ ಇಮೇಲ್ ವಿಳಾಸವನ್ನೂ ಆ ಖಾತೆಯ ಪಾಸ್‌ವರ್ಡನ್ನೂ ಕೊಡಬೇಕು. ಆದರೂ ನಿರಾಕರಿಸಿದರೆ ಆ ಕಂಪ್ಯೂಟರಿಗೆ ಪಿನ್ ಬಿಟ್ಟು ಪಾಸ್‌ವರ್ಡ್‌ನಿಂದಲೇ ಒಮ್ಮೆ ಲಾಗಿನ್ ಆಗಿ ನೋಡಿ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಕೊಡುವ ಕಂಪ್ಯೂಟರಿನಲ್ಲಿ ಹಂಚಿಕೆಗೆಂದೇ ಒಂದು ಸ್ಥಳೀಯ ಖಾತೆಯನ್ನು ಗಟ್ಟಿಯಾದ ಪಾಸ್‌ವರ್ಡ್‌ನೊಂದಿಗೆ ರಚಿಸಿ, ಬೇಕಾದ ಫೋಲ್ಡರಿಗೆ ಮಾತ್ರ ಅದಕ್ಕೆ ಅನುಮತಿ ಕೊಡುವುದು. ಇಮೇಲ್‌ನ ಪಾಸ್‌ವರ್ಡನ್ನು ಮನೆಯ ಎಲ್ಲ ಯಂತ್ರಗಳಲ್ಲಿ ಬರೆದಿಡುವ ಪ್ರಮೇಯ ಆಗ ಬರುವುದಿಲ್ಲ. ಹೆಸರು ಬರೆಯುವಾಗ ಮುಂದೆ ಕೊಡುವ ಕಂಪ್ಯೂಟರಿನ ಹೆಸರು ಮತ್ತು ಒಂದು ಬ್ಯಾಕ್‌ಸ್ಲ್ಯಾಷ್ ಸೇರಿಸಿದರೆ ಖಾತೆ ಯಾವ ಯಂತ್ರದ್ದು ಎಂಬ ಗೊಂದಲ ಉಳಿಯುವುದಿಲ್ಲ.

ಪಾಸ್‌ವರ್ಡೇ ಇಲ್ಲದ ಖಾತೆಯಿಂದ ನೆಟ್‌ವರ್ಕ್ ಮೂಲಕ ಒಳಬರಲು ವಿಂಡೋಸ್ ಬಿಡುವುದಿಲ್ಲ. ಖಾಲಿ ಪಾಸ್‌ವರ್ಡ್ ಯಂತ್ರದ ಎದುರಿನ ಲಾಗಿನ್‌ಗೆ ಮಾತ್ರ ಸಾಕಾಗುತ್ತದೆ, ಹೊರಗಿನಿಂದ ಯತ್ನಿಸಿದರೆ 1327 ಸಂಖ್ಯೆಯ ದೋಷ ಬರುತ್ತದೆ. ಈ ನಿರ್ಬಂಧವನ್ನು ಸಡಿಲಿಸುವ ಉಪಾಯಗಳಿವೆಯಾದರೂ ಒಂದು ಪಾಸ್‌ವರ್ಡ್ ಇಡುವುದು ಅದಕ್ಕಿಂತ ಸುಲಭ.

ಪಾಸ್‌ವರ್ಡ್ ಕೇಳದೆಯೇ ನಿರಾಕರಣೆ ಬರುತ್ತಿದ್ದರೆ ಹಿಂದೆ ಉಳಿಸಿಟ್ಟ ಹಳೆಯ ಗುರುತನ್ನು ವಿಂಡೋಸ್ ತಾನಾಗಿಯೇ ಕಳುಹಿಸುತ್ತಿರಬಹುದು. ಕೇಳುವ ಕಂಪ್ಯೂಟರಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಷಿಯಲ್ಸ್ ಅಡಿಯಲ್ಲಿ ಆ ಕಂಪ್ಯೂಟರಿನ ಹೆಸರು ಅಥವಾ ವಿಳಾಸದ ನಮೂದನ್ನು ಅಳಿಸಿ. 1219 ಎಂಬ ಸಂಖ್ಯೆ ಕಂಡರೆ ಕಾರಣ ಬೇರೆ: ಒಂದೇ ಕಂಪ್ಯೂಟರಿಗೆ ಒಂದೇ ಹೊತ್ತಿನಲ್ಲಿ ಎರಡು ಖಾತೆಗಳ ಹೆಸರಿನಲ್ಲಿ ಸಂಪರ್ಕ ಇರುವಂತಿಲ್ಲ. ‘ನೆಟ್ ಯೂಸ್’ ಕಮಾಂಡಿನಿಂದ ಈಗಿರುವ ಸಂಪರ್ಕಗಳನ್ನು ನೋಡಿ, ಹಳೆಯದನ್ನು ಕಡಿದು, ಆಮೇಲೆ ಹೊಸ ಹೆಸರಿನಿಂದ ಯತ್ನಿಸಬೇಕು.

ಗೆಸ್ಟ್ ಪ್ರವೇಶದ, ಅಂದರೆ ಪಾಸ್‌ವರ್ಡ್ ಕೊಡದೆ ಒಳಬರುವುದರ, ವಿಷಯದಲ್ಲಿ ಇತ್ತೀಚೆಗೆ ನಿಯಮ ಬಿಗಿಯಾಗಿದೆ. ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿಯಲ್ಲಿ ಎಸ್‌ಎಂಬಿ ಸಂದೇಶಗಳಿಗೆ ಸಹಿ (ಸಂದೇಶ ದಾರಿಯಲ್ಲಿ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ಕಡ್ಡಾಯವಾಗಿದೆ. ಗೆಸ್ಟ್ ಆಗಿ ಬಂದ ಸಂಪರ್ಕಕ್ಕೆ ಪಾಸ್‌ವರ್ಡ್ ಇಲ್ಲದಿರುವುದರಿಂದ ಅದಕ್ಕೆ ಸಹಿ ಹಾಕುವುದು ಸಾಧ್ಯವಿಲ್ಲ. ಹಳೆಯ ನೆಟ್‌ವರ್ಕ್ ಡಿಸ್ಕ್ ಅಥವಾ ರೌಟರಿಗೆ ಜೋಡಿಸಿದ ಯುಎಸ್‌ಬಿ ಡ್ರೈವ್ ಅಪ್‌ಡೇಟ್ ಆದ ಮೇಲೆ ತೆರೆಯದಾದರೆ ಆ ಸಾಧನದಲ್ಲಿ ಹೆಸರು ಮತ್ತು ಪಾಸ್‌ವರ್ಡ್ ಇರುವ ಖಾತೆಯನ್ನು ರಚಿಸುವುದೇ ನೇರ ಪರಿಹಾರ. ಇನ್ನು, ಒಂದು ಕಂಪ್ಯೂಟರಿನ ಡಿಸ್ಕನ್ನು ಇದ್ದಂತೆಯೇ ನಕಲಿಸಿ ಇನ್ನೊಂದನ್ನು ಸಿದ್ಧಪಡಿಸಿದ್ದರೆ ಎರಡರ ಆಂತರಿಕ ಗುರುತುಸಂಖ್ಯೆ ಒಂದೇ ಆಗಿರುತ್ತದೆ. 2025ರ ಆಗಸ್ಟ್ ಅಂತ್ಯದಿಂದೀಚೆಗಿನ ವಿಂಡೋಸ್ 11 ಅಪ್‌ಡೇಟ್‌ಗಳು ಅಂಥ ಜೋಡಿಗಳ ನಡುವಿನ ಲಾಗಿನ್ ಅನ್ನು ತಡೆಯುತ್ತವೆ.

ಅನುಮತಿಯ ಎರಡು ಪದರಗಳು

ಕಂಪ್ಯೂಟರ್ ತೆರೆದು ಹಂಚಿಕೆಯ ಹೆಸರೂ ಕಂಡು, ಅದರ ಮೇಲೆ ಒತ್ತಿದಾಗ ಪ್ರವೇಶವಿಲ್ಲ ಎಂದರೆ ಅನುಮತಿಗಳನ್ನು ನೋಡುವ ಸಮಯ ಬಂದಿದೆ. ನೆಟ್‌ವರ್ಕ್‌ನಿಂದ ಬಂದವರಿಗೆ ಎರಡು ತಪಾಸಣೆಗಳಿರುತ್ತವೆ: ಒಂದು ಹಂಚಿಕೆಯ ಅನುಮತಿ, ಇನ್ನೊಂದು ಡಿಸ್ಕಿನ ಎನ್‌ಟಿಎಫ್‌ಎಸ್ (ಡಿಸ್ಕಿನಲ್ಲಿ ಫೈಲ್‌ಗಳನ್ನು ಇಡುವ ವಿಂಡೋಸ್ ವ್ಯವಸ್ಥೆ) ಅನುಮತಿ. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿರುವ ಶೇರಿಂಗ್ ಪುಟದಲ್ಲಿ ಪೂರ್ಣ ಅಧಿಕಾರ ಕೊಟ್ಟಿದ್ದರೂ ಸೆಕ್ಯುರಿಟಿ ಪುಟದಲ್ಲಿ ಓದಲು ಮಾತ್ರ ಅವಕಾಶವಿದ್ದರೆ ಬರೆಯಲು ಆಗುವುದಿಲ್ಲ. ‘ಎವ್ರಿವನ್’ ಎಂಬ ಗುಂಪನ್ನು ಸೇರಿಸಿದರೆ ಯಾರು ಬೇಕಾದರೂ ಬರಬಹುದು ಎಂಬ ಭಾವನೆಯೂ ಸರಿಯಲ್ಲ. ಪಾಸ್‌ವರ್ಡ್ ರಕ್ಷಣೆ ಚಾಲೂ ಇರುವಾಗ ಆ ಗುಂಪಿಗೆ ಸೇರುವುದಕ್ಕೂ ಮೊದಲು ಖಾತೆಯಿಂದ ಗುರುತಿಸಿಕೊಂಡಿರಬೇಕು.

ಫೋಲ್ಡರ್ ತೆರೆಯುತ್ತದೆ, ಒಳಗಿನ ಹೆಚ್ಚಿನ ಫೈಲ್‌ಗಳೂ ತೆರೆಯುತ್ತವೆ, ಕೆಲವು ಮಾತ್ರ ತೆರೆಯುವುದಿಲ್ಲ ಎಂಬ ವಿಚಿತ್ರ ಸ್ಥಿತಿಗೂ ಕಾರಣವಿದೆ. ಒಂದೇ ಡ್ರೈವಿನೊಳಗೆ ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಾಗ ಅದು ತನ್ನ ಹಳೆಯ ಎನ್‌ಟಿಎಫ್‌ಎಸ್ ಅನುಮತಿಗಳನ್ನು ಜೊತೆಗೆ ಹೊತ್ತು ತರುತ್ತದೆ. ನಕಲಿಸಿದಾಗ ಹೊಸ ಫೋಲ್ಡರಿನ ಅನುಮತಿಗಳನ್ನು ಪಡೆಯುತ್ತದೆ. ಡೆಸ್ಕ್‌ಟಾಪ್‌ನಿಂದ ಕಟ್ ಮಾಡಿ ಹಂಚಿದ ಫೋಲ್ಡರಿಗೆ ಪೇಸ್ಟ್ ಮಾಡಿದ ಫೋಟೋಗಳು ಕೊಡುವ ಕಂಪ್ಯೂಟರಿನಲ್ಲಿ ಚೆನ್ನಾಗಿ ತೆರೆದು, ಕೇಳುವ ಕಂಪ್ಯೂಟರಿನಲ್ಲಿ ತೆರೆಯದಿರುವುದು ಹೀಗೆ. ಹಂಚಿದ ಫೋಲ್ಡರಿನ ಸೆಕ್ಯುರಿಟಿ ಪುಟದ ಸುಧಾರಿತ ಆಯ್ಕೆಗಳಲ್ಲಿ, ಒಳಗಿರುವ ಎಲ್ಲವೂ ಈ ಫೋಲ್ಡರಿನ ಅನುಮತಿಗಳನ್ನೇ ಆನುವಂಶಿಕವಾಗಿ ಪಡೆಯುವಂತೆ ಬದಲಿಸುವ ಗುರುತನ್ನು ಹಾಕಿದರೆ ಇದು ಸರಿಹೋಗುತ್ತದೆ. ಆ ಗುರುತನ್ನು ಹಂಚಿದ ಫೋಲ್ಡರಿನ ಮೇಲೆ ಮಾತ್ರ ಹಾಕಬೇಕು. ಇಡೀ ಡ್ರೈವಿನ ಮೇಲೆ ಹಾಕಿದರೆ ವಿಂಡೋಸ್‌ನ ಸ್ವಂತ ಫೋಲ್ಡರ್‌ಗಳ ಅನುಮತಿಗಳೂ ಹದಗೆಡುತ್ತವೆ.

ಪಟ್ಟಿಯಲ್ಲಿ ಕಾಣದಿರುವುದು

ವಿಳಾಸದಿಂದ ತೆರೆಯುತ್ತದೆ, ಪಟ್ಟಿಯಲ್ಲಿ ಮಾತ್ರ ಇಲ್ಲ ಎನ್ನುವವರು ಕೊಡುವ ಕಂಪ್ಯೂಟರಿನಲ್ಲಿ ಸೇವೆಗಳ ಪಟ್ಟಿಯನ್ನು ತೆರೆದು ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್’ ಮತ್ತು ‘ಫಂಕ್ಷನ್ ಡಿಸ್ಕವರಿ ಪ್ರೊವೈಡರ್ ಹೋಸ್ಟ್’ ಎಂಬ ಎರಡು ಸೇವೆಗಳು ಚಾಲನೆಯಲ್ಲಿವೆಯೇ ಎಂದು ನೋಡಿ, ಅವುಗಳನ್ನು ಸ್ವಯಂಚಾಲಿತ ವಿಳಂಬಿತ ಆರಂಭಕ್ಕೆ ಬದಲಿಸಬಹುದು. ಮೊದಲನೆಯದು ‘ನಾನಿಲ್ಲಿದ್ದೇನೆ’ ಎಂದು ಸಾರುತ್ತದೆ, ಎರಡನೆಯದು ಇತರರನ್ನು ಹುಡುಕಲು ನೆರವಾಗುತ್ತದೆ.

ಹಳೆಯ ವಿಂಡೋಸ್‌ಗಳಲ್ಲಿ ಈ ಪಟ್ಟಿ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಅವಲಂಬಿಸಿತ್ತು. ವಿಂಡೋಸ್ 10ರ 1709 ಆವೃತ್ತಿಯಿಂದ ಆ ಮೊದಲ ಆವೃತ್ತಿ ಹೊಸ ಸ್ಥಾಪನೆಗಳಲ್ಲಿ ಪೂರ್ವನಿಯೋಜಿತವಾಗಿ ಇರುವುದಿಲ್ಲ, 1803ರಲ್ಲಿ ಮನೆಯ ಕಂಪ್ಯೂಟರ್‌ಗಳನ್ನು ಹಂಚಿಕೆಗಾಗಿ ಗುಂಪುಗೂಡಿಸುತ್ತಿದ್ದ ಹೋಮ್‌ಗ್ರೂಪ್ ಕೂಡ ಹೋಯಿತು. ಪಟ್ಟಿ ಮರಳಿ ಬರಲೆಂದು ಎಸ್‌ಎಂಬಿ1 ಅನ್ನು ಮತ್ತೆ ಚಾಲೂ ಮಾಡುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿದ ವಾನಾಕ್ರೈ ಹರಡಿದ್ದು ಅದೇ ಆವೃತ್ತಿಯ ದೋಷದ ಮೂಲಕ. ಪಟ್ಟಿಯ ಒಂದು ಚಿಹ್ನೆಗಾಗಿ ಅಷ್ಟು ಬೆಲೆ ತೆರಬೇಕಿಲ್ಲ: ತೆರೆಯುವ ವಿಳಾಸವನ್ನು ನೆಟ್‌ವರ್ಕ್ ಡ್ರೈವ್ ಆಗಿ ಜೋಡಿಸಿಕೊಂಡರೆ ಪಟ್ಟಿಯ ಅಗತ್ಯವೇ ಬೀಳುವುದಿಲ್ಲ. ಹಳೆಯ ಸಾಧನವೊಂದು ಎಸ್‌ಎಂಬಿ1 ಬಿಟ್ಟು ಬೇರೇನನ್ನೂ ಅರಿಯದಿದ್ದರೆ ಅದರ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಅಪ್‌ಡೇಟ್ ಹುಡುಕಿ, ಸಿಗದಿದ್ದರೆ ಒಳಗಿನ ಫೈಲ್‌ಗಳನ್ನು ಬೇರೆಡೆಗೆ ಸಾಗಿಸಿ ಅದನ್ನು ನಿವೃತ್ತಿಗೊಳಿಸುವುದು ಮೇಲು.

ಮ್ಯಾಕ್ ಮತ್ತು ಲಿನಕ್ಸ್ ಜೊತೆಗಿದ್ದಾಗ

ಮ್ಯಾಕ್‌ನಲ್ಲಿ ಫೈಲ್ ಶೇರಿಂಗ್ ಚಾಲೂ ಮಾಡಿದರಷ್ಟೇ ಸಾಲದು. ಅದರ ಆಯ್ಕೆಗಳಲ್ಲಿ ‘ವಿಂಡೋಸ್ ಫೈಲ್ ಶೇರಿಂಗ್’ ಅಡಿಯಲ್ಲಿ ಯಾವ ಖಾತೆಯಿಂದ ಲಾಗಿನ್ ಆಗಬೇಕೋ ಅದಕ್ಕೆ ಪ್ರತ್ಯೇಕವಾಗಿ ಗುರುತು ಹಾಕಿ ಪಾಸ್‌ವರ್ಡ್ ಕೊಡಬೇಕು. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವುದು ಸಾಂಬಾ, ಅದರ ಪಾಸ್‌ವರ್ಡ್ ಪಟ್ಟಿ ಲಿನಕ್ಸ್‌ನ ಲಾಗಿನ್ ಪಾಸ್‌ವರ್ಡ್‌ಗಿಂತ ಬೇರೆ. ‘ಎಸ್‌ಎಂಬಿಪಾಸ್‌ವ್ಡ್ -ಎ’ ಕಮಾಂಡಿನಿಂದ ಬಳಕೆದಾರರನ್ನು ಸೇರಿಸದಿದ್ದರೆ ಸರಿಯಾದ ಪಾಸ್‌ವರ್ಡ್ ಕೂಡ ತಪ್ಪೆಂದು ತಿರಸ್ಕೃತವಾಗುತ್ತದೆ. ಸಂರಚನಾ ಫೈಲಿನ ತಪ್ಪುಗಳನ್ನು ‘ಟೆಸ್ಟ್‌ಪಾರ್ಮ್’ ತೋರಿಸುತ್ತದೆ. ಸಾಂಬಾ 4.11ರಿಂದ ಎಸ್‌ಎಂಬಿ1 ಅಲ್ಲಿಯೂ ಪೂರ್ವನಿಯೋಜಿತವಾಗಿ ಮುಚ್ಚಿದೆ.

ಒಮ್ಮೆ ತೆರೆದು ಒಮ್ಮೆ ತೆರೆಯದಿದ್ದರೆ

ಬೆಳಿಗ್ಗೆ ಕೆಲಸ ಮಾಡಿ ಸಂಜೆ ನಿಲ್ಲುವ ಹಂಚಿಕೆಗೆ ಮೊದಲ ಕಾರಣ ಕೊಡುವ ಕಂಪ್ಯೂಟರ್ ನಿದ್ರೆಗೆ ಜಾರಿರುವುದು. ವಿದ್ಯುತ್ ಸಂಪರ್ಕದಲ್ಲಿರುವಾಗ ನಿದ್ರಿಸದಂತೆ ಪವರ್ ಆಯ್ಕೆಗಳನ್ನು ಬದಲಿಸಿ. ಎರಡನೆಯದು ರೌಟರ್ ಹೊಸ ವಿಳಾಸ ಕೊಟ್ಟಿರುವುದು. ಅದಕ್ಕೆ ರೌಟರಿನಲ್ಲಿಯೇ ಆ ಕಂಪ್ಯೂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸಬಹುದು. ಕಂಪ್ಯೂಟರ್ ಆರಂಭವಾದ ಕೂಡಲೆ ಜೋಡಿಸಿದ ಡ್ರೈವಿನ ಮೇಲೆ ಕೆಂಪು ಗುರುತು ಕಂಡು, ಒತ್ತಿದರೆ ತೆರೆದುಕೊಂಡರೆ, ವೈಫೈ ಸಿದ್ಧವಾಗುವ ಮೊದಲೇ ವಿಂಡೋಸ್ ಯತ್ನಿಸಿ ಸೋತಿದೆ ಎಂದಷ್ಟೇ ಅರ್ಥ.

ಎಲ್ಲ ಸರಿಹೋಯಿತು ಎನಿಸಿದಾಗ ಬರೆದಿಟ್ಟ ಹಾಳೆಯನ್ನು ಮೇಲಿನಿಂದ ಓದುತ್ತ, ಪರೀಕ್ಷೆಗಾಗಿ ಮಾಡಿದ್ದರಲ್ಲಿ ದೋಷಕ್ಕೆ ಸಂಬಂಧವಿಲ್ಲದ ಬದಲಾವಣೆಗಳನ್ನು ಒಂದೊಂದಾಗಿ ಹಿಂದಕ್ಕೆ ಪಡೆಯಿರಿ. ನಂತರ ಎರಡೂ ಕಂಪ್ಯೂಟರ್‌ಗಳನ್ನು ಮರುಪ್ರಾರಂಭಿಸಿ, ಕೇಳುವ ಕಂಪ್ಯೂಟರಿನಿಂದ ಮೊದಲು ಹೆಸರಿನಿಂದಲೂ ಆಮೇಲೆ ವಿಳಾಸದಿಂದಲೂ ಫೋಲ್ಡರ್ ತೆರೆದು, ಒಳಗೆ ಒಂದು ಸಣ್ಣ ಫೈಲ್ ರಚಿಸಿ, ಅದನ್ನು ತಿದ್ದಿ, ಅಳಿಸಿ ನೋಡಿ.